ಕಿತ್ತುಬಾರದ ಹಿಡಿಕೆ

ದಿನಸಿ ಅಂಗಡಿಯೊಳಗೆ ಕಾಲಿಟ್ಟರೆ ಎಡಗಡೆ ಮಹಡಿಗೆ ಹೋಗುವ ಮೆಟ್ಟಿಲು, ಮೆಟ್ಟಿಲ ಕೆಳಗೆ ಒಂದು ಮೂಲೆ. ನಿಂತರೆ ತಲೆಗೆ ತಾಗುತ್ತದೆ, ಕೂತರೆ ಏನೂ ತಾಗುವುದಿಲ್ಲ. ಕೂತು ಮಾಡುವ ಕೆಲಸದವರಿಗೆಂದೇ ಹೇಳಿ ಮಾಡಿಸಿದ ಜಾಗ. ಅಲ್ಲಿ ಕಾಲಲ್ಲಿ ತುಳಿಯುವ ಒಂದು ಹೊಲಿಗೆ ಮಿಷನ್ನು, ಒಂದು ಸ್ಟೂಲು, ದಾರದುಂಡೆಗಳ ಡಬ್ಬಿ, ಇವುಗಳ ನಡುವೆ ಮೂವತ್ತೊಂದು ವರ್ಷದಿಂದ ಒಬ್ಬಾಕೆ. ಬಂದಾಗ ಮೂಲೆಯಕ್ಕ ಆಗಿದ್ದಳು, ಈಗ ಮೂಲೆಯಜ್ಜಿ.

ಅವಳ ಗಂಡ ತೀರಿಕೊಂಡ ವರ್ಷ ಆ ಜಾಗ ಕೊಟ್ಟವನು ಆಗಿನ ಯಜಮಾನ. "ಮನೇಲಿ ಬೆಳಕಿಲ್ಲ ಅಂತೀಯಲ್ಲಮ್ಮ, ಇಲ್ಲಿ ಬಂದು ಕೂತ್ಕೋ. ಬಂದವರ ಗುಂಡಿ ಹಾಕ್ಕೊಡು, ಜಿಪ್ಪು ಸರಿ ಮಾಡ್ಕೊಡು. ಅಂಗಡೀಲೂ ಒಂದು ಸದ್ದಿರುತ್ತೆ" ಎಂದಿದ್ದ. ಬಾಡಿಗೆ ಕೇಳಲಿಲ್ಲ, ಕಾಗದಪತ್ರ ಮಾಡಲಿಲ್ಲ. ಈಗ ಅವನಿಲ್ಲ, ಮಗನೇ ಯಜಮಾನ. ಈ ಮಗನ ಶಾಲೆಯ ಚಡ್ಡಿಗೆ ಅಜ್ಜಿ ಎಷ್ಟು ತೇಪೆ ಹಾಕಿದ್ದಳೆಂಬುದು ಇಬ್ಬರಿಗೂ ಗೊತ್ತಿದ್ದ ವಿಷಯ. ಅದಕ್ಕೇ ಅವನು ಅವಳ ಹತ್ತಿರ ದೊಡ್ಡ ದನಿಯಲ್ಲಿ ಮಾತಾಡುತ್ತಿರಲಿಲ್ಲ.

ಅಜ್ಜಿ ಹೊಲಿಗೆ ಕಲಿತದ್ದು ತಾಯಿಯಿಂದ. ತಾಯಿ ಗೋಣಿಚೀಲದ ಕಾರ್ಖಾನೆಯಲ್ಲಿ ದುಡಿದವಳು. ಚೀಲಕ್ಕೆ ಹಿಡಿಕೆ ಹಚ್ಚುವಾಗ ಮೊದಲು ಒಂದು ಚೌಕದ ಹೊಲಿಗೆ, ಚೌಕದೊಳಗೆ ಮೂಲೆಯಿಂದ ಮೂಲೆಗೆ ಎರಡು ಅಡ್ಡಗೆರೆ, ಆಮೇಲೆ ಬಂದ ದಾರಿಯಲ್ಲೇ ಇನ್ನೊಂದು ಸುತ್ತು. ಎರಡನೇ ಸುತ್ತು ಯಾಕಮ್ಮ ಎಂದು ಕೇಳಿದ್ದಕ್ಕೆ ತಾಯಿ, "ಮೊದಲನೇದು ನಮಗೆ, ಎರಡನೇದು ಹೊರೋರಿಗೆ" ಎಂದಿದ್ದಳು. ಅಜ್ಜಿ ಶಾಲೆಗೆ ಹೋದದ್ದು ಎರಡೇ ವರ್ಷ. ಅಲ್ಲಿ ಕಲಿತದ್ದು ಬಹುಪಾಲು ಮರೆತುಹೋಯಿತು, ಇದು ಮರೆಯಲಿಲ್ಲ.

ಆಚೀಚೆಯ ಎರಡು ಬೀದಿಯ ಹೆಂಗಸರು ಅಂಗಡಿಯನ್ನು ತಿದ್ದಲು ಹೊರಟದ್ದು ಏಳು ವರ್ಷದ ಹಿಂದೆ. ಒಂದು ಬೆಳಗ್ಗೆ ಅವರಲ್ಲೊಬ್ಬರಾದ ಟೀಚರಮ್ಮ ಹನ್ನೊಂದು ಜನರನ್ನು ಕಟ್ಟಿಕೊಂಡು ಬಂದು ಗಲ್ಲಾದ ಮುಂದೆ ನಿಂತರು. ಕೆಲಸದಿಂದ ನಿವೃತ್ತರಾಗಿದ್ದರೂ ಅವರ ದನಿ ಇನ್ನೂ ನಿವೃತ್ತವಾಗಿರಲಿಲ್ಲ.

"ನೋಡಪ್ಪಾ, ನಾವು ಜಗಳಕ್ಕೆ ಬಂದಿಲ್ಲ," ಎಂದರು. ಹಾಗೆಂದದ್ದೇ ಯಜಮಾನ ಕೂತಲ್ಲಿಂದ ಎದ್ದು ನಿಂತ. "ಒಂದು ಸೋಪಿಗೂ ನೀನೊಂದು ಪ್ಲಾಸ್ಟಿಕ್ ಚೀಲ ಕೊಡ್ತೀಯ. ಅದು ಹಾರಿ ಬಂದು ನಮ್ಮ ಮೋರೀಲಿ ಕೂರುತ್ತೆ. ನಾಳೆಯಿಂದ ಇಲ್ಲಿ ಪ್ಲಾಸ್ಟಿಕ್ ಚೀಲ ಕಂಡ್ರೆ ನಮ್ಮಲ್ಲಿ ಒಬ್ಬರೂ ಒಳಗೆ ಬರೋದಿಲ್ಲ."

"ಗಿರಾಕಿಗಳೇ ಕೇಳ್ತಾರೆ ಟೀಚರಮ್ಮ, ನಾನೇನು ಮಾಡ್ಲಿ?"

"ಗಿರಾಕಿ ಅಂದ್ರೆ ಯಾರಪ್ಪಾ? ನಾವೇ ಅಲ್ವಾ?"

ಗಂಡಸರು ಬಂದರೆ ಚೀಟಿ ಓದುತ್ತಾರೆ, ಹೆಂಗಸರು ಬಂದರೆ ಅಂಗಡಿಯನ್ನೇ ಓದುತ್ತಾರೆ ಎಂದು ಅವನಪ್ಪ ಹೇಳುತ್ತಿದ್ದ. ಮಗ ಆ ಮಾತನ್ನು ನೆನೆದುಕೊಂಡು ತೆಪ್ಪಗೆ ತಲೆಯಾಡಿಸಿದ. ಮೂರನೇ ದಿನಕ್ಕೆ ದಪ್ಪ ಬಟ್ಟೆಯ ಸುರುಳಿ ಅಜ್ಜಿಯ ಮೂಲೆಗೆ ಬಂದು ಬಿತ್ತು. ಅಜ್ಜಿ ಆ ವರ್ಷವೆಲ್ಲ ಚೀಲ ಹೊಲಿದಳು. ಎರಡೂ ಬೀದಿಯ ಮನೆಮನೆಯಲ್ಲಿ ಬಾಗಿಲ ಹಿಂದೆ ಅವಳ ಚೀಲ ತೂಗುಬಿತ್ತು. ಮೋರಿಯ ನೀರೂ ಸರಾಗವಾಗಿ ಹರಿಯಿತು. ಹೆಂಗಸರಿಂದ ಆದ ಆ ಕೆಲಸವನ್ನು ಇಲ್ಲವೆನ್ನುವಂತಿಲ್ಲ.

ತೊಂದರೆ ಆಮೇಲಿನದು. ಎಲ್ಲರಿಗೂ ಒಂದೊಂದು ಚೀಲ ಸಿಕ್ಕ ಮೇಲೆ ಯಾರಿಗೂ ಎರಡನೆಯದು ಬೇಕಾಗಲಿಲ್ಲ. ಎರಡು ವರ್ಷವಾದರೂ ಒಂದೇ ಒಂದು ಹಿಡಿಕೆ ಅಲುಗಲಿಲ್ಲ. ಯಜಮಾನ ಒಂದು ದಿನ ಮೆಟ್ಟಿಲ ಕೆಳಗೆ ಬಗ್ಗಿ ನಿಂತ.

"ಅಜ್ಜೀ, ಆ ಎರಡನೇ ಸುತ್ತು ಬಿಟ್ಟುಬಿಡಬಾರದಾ?"

"ಯಾಕಪ್ಪಾ?"

"ಅಲ್ಲ, ನಿಮಗೂ ವಯಸ್ಸಾಯ್ತು. ಕೆಲಸ ಹಗುರಾಗುತ್ತೆ."

"ನಿನ್ನ ಚಡ್ಡಿಗೂ ಎರಡು ಸುತ್ತೇ ಹಾಕಿದ್ದೆ ಮಗಾ. ಒಂದು ಬಿಟ್ಟಿದ್ರೆ ಶಾಲೇಲಿ ನಿನ್ನ ಗತಿ ಏನಾಗ್ತಿತ್ತು?"

ಗಲ್ಲಾದಲ್ಲಿ ಕೂತಿದ್ದ ಹುಡುಗಿ ಕಿಸಕ್ಕೆಂದಳು. ಆ ಹುಡುಗಿ ಬೇರಾರೂ ಅಲ್ಲ, ಅಜ್ಜಿಯ ಸೊಸೆ. ಯಜಮಾನ ಏಳುವ ಭರದಲ್ಲಿ ಮೆಟ್ಟಿಲಿಗೆ ತಲೆ ತಾಗಿಸಿಕೊಂಡು ಹೋದ.

ಸ್ವಲ್ಪ ದಿನಕ್ಕೆ ಅಂಗಡಿಯಲ್ಲಿ ಹಸಿರು ಬಣ್ಣ ಬಳಿದ ಒಂದು ಕಪಾಟು ಬಂತು. ಬಿದಿರಿನ ಬ್ರಷ್ಷು, ಮರದ ಬಾಚಣಿಗೆ, ಗಿಡಮೂಲಿಕೆಯ ಪಾತ್ರೆ ಸೋಪು, ಎಲ್ಲವೂ ಹೆಂಗಸರು ಕೇಳಿ ತರಿಸಿದ್ದು. ಅವುಗಳ ಜೊತೆ ಯಾರೂ ಕೇಳದ ಒಂದು ವಸ್ತುವೂ ಬಂತು, ಹೊಸ ಚೀಲ. ಗಂಜಿ ಹಾಕಿ ನೆಟ್ಟಗೆ ನಿಲ್ಲಿಸಿದ ತೆಳು ಬಟ್ಟೆ, ಮೇಲೆ ಎಲೆಯ ಚಿತ್ರ, ಕೆಳಗೆ 'ಭೂಮಿ ನನ್ನ ಮಗು' ಎಂಬ ಬರಹ. ಧೂಳು ಹಿಡಿಯಬಾರದೆಂದು ಒಂದೊಂದನ್ನೂ ಬೇರೆಬೇರೆ ಪ್ಲಾಸ್ಟಿಕ್ ಕವರಿನಲ್ಲಿ ಇಟ್ಟಿದ್ದರು. ಅಜ್ಜಿ ಒಂದನ್ನು ತರಿಸಿಕೊಂಡು ಹಿಡಿಕೆಯ ಬುಡ ನೋಡಿದಳು. ಒಂದೇ ಗೆರೆ. ಅದೂ ಅವಸರದ್ದು, ಬಸ್ಸು ಹಿಡಿಯಲು ಓಡುವವರ ಹಾಗೆ.

ಹೆಂಗಸರಿಗೆ ಅದು ಹಿಡಿಸಿಬಿಟ್ಟಿತು. ಮೊದಲೇ ಮನೆಯಿಂದ ಚೀಲ ತರುವುದು ಮರೆತೇ ಹೋಗುತ್ತಿತ್ತು. "ಅಯ್ಯೋ, ಚೀಲ ಬಾಗಿಲ ಹಿಂದೇನೇ ಉಳೀತಲ್ಲೇ" ಎಂದು ಗಲ್ಲಾದ ಮುಂದೆ ತಲೆ ಚಚ್ಚಿಕೊಳ್ಳುವರು. ಸೊಸೆ, "ಎಲೆ ಇರೋದು ಕೊಡ್ಲಾ, ಚಿಟ್ಟೆ ಇರೋದು ಕೊಡ್ಲಾ?" ಎನ್ನುವಳು. ಎಲೆ ಮನೆಯಲ್ಲಿದ್ದರೆ ಚಿಟ್ಟೆ, ಚಿಟ್ಟೆ ಇದ್ದರೆ ಆಮೆ. ಕೈಯಲ್ಲಿ ಪ್ಲಾಸ್ಟಿಕ್ ಚೀಲ ಹಿಡಿದು ಹೋಗುವಾಗ ಇದ್ದ ಅಳುಕು ಇದನ್ನು ಹಿಡಿದು ಹೋಗುವಾಗ ಇರಲಿಲ್ಲ. ಭೂಮಿಗೆ ಒಳ್ಳೆಯದು ಮಾಡಿದೆವೆಂಬ ಸಮಾಧಾನದಲ್ಲಿ ವಾರಕ್ಕೊಂದು ಕೊಂಡರು.

ಹಾಗೆ ಚೀಲ ಹೆಚ್ಚಾದ ಮೇಲೆ ಅವನ್ನು ನೇತುಹಾಕಲು ಜಾಗ ಸಾಲದಾಯಿತು. ಯಜಮಾನನ ಕಣ್ಣು ಮೆಟ್ಟಿಲ ಕೆಳಗಿನ ಮೂಲೆಯ ಮೇಲೆ ಬಿತ್ತು. ಅಜ್ಜಿಗೆ ಹೇಳಲು ಬಾಯಿ ಬಾರದೆ ಸೊಸೆಗೆ ಹೇಳಿದ. ಸೊಸೆ ಸಂಜೆ ಮನೆಯಲ್ಲಿ ಚಹಾ ಲೋಟ ಮುಂದಿಟ್ಟು ಹೇಳಿದಳು.

"ಅತ್ತೆ, ತಿಂಗಳ ಕೊನೆಗೆ ಮೂಲೆ ಖಾಲಿ ಮಾಡ್ಬೇಕಂತೆ."

ಅಜ್ಜಿ ಚಹಾ ಕುಡಿದು ಮುಗಿಸಿ ಲೋಟ ಕೆಳಗಿಟ್ಟಳು. ಆಮೇಲೆ, "ಮಿಷನ್ನು ಈ ಮನೇಲಿ ಎಲ್ಲಿಡೋಣವೇ?" ಎಂದಳು. ಇರುವುದು ಒಂದೂವರೆ ಕೋಣೆ. ಮಿಷನ್ನು ಬಂದರೆ ಮಂಚ ಹೊರಗೆ ಹೋಗಬೇಕು.

"ಮಿಷನ್ನು ಯಾಕತ್ತೆ ಇಡ್ಬೇಕು? ಮನೇಲಿ ಆರಾಮಾಗಿರಿ."

"ಆರಾಮಾಗಿ ಎಷ್ಟು ಹೊತ್ತೂಂತ ಇರೋದು? ಮಧ್ಯಾಹ್ನದ ಹೊತ್ತಿಗೆ ಮುಗಿದುಹೋಗುತ್ತೆ."

ಸೊಸೆ ಅತ್ತೆಯ ಮುಖ ನೋಡಿದಳು. ಅಳುತ್ತಿದ್ದರೆ ಸಮಾಧಾನ ಮಾಡಬಹುದಿತ್ತು, ಅಜ್ಜಿ ಅಳುತ್ತಿರಲಿಲ್ಲ. ಕೂತಲ್ಲೇ ಅವಳ ಬಲಗಾಲು ಮಾತ್ರ ಇಲ್ಲದ ಪೆಡಲನ್ನು ತುಳಿಯುತ್ತಿತ್ತು.

ಸೊಸೆಯ ಬಾಯಿಗೆ ಬೀಗವಿಲ್ಲ. ಮರುದಿನವೇ ಬಿಲ್ಲು ಹೊಡೆಯುತ್ತ ಟೀಚರಮ್ಮನ ಕಿವಿಗೆ ಹಾಕಿದಳು. ಹನ್ನೊಂದು ಜನ ಮತ್ತೆ ಗಲ್ಲಾದ ಮುಂದೆ ಸೇರಿದರು. "ಜಗಳಕ್ಕೆ ಬಂದಿಲ್ಲಪ್ಪಾ" ಎಂದು ಟೀಚರಮ್ಮ ಬಾಯಿ ತೆರೆಯುವ ಮೊದಲೇ ಯಜಮಾನ ಕೈ ಮುಗಿದ.

"ಅಜ್ಜಿ ಎಲ್ಲಿಗೂ ಹೋಗೋದಿಲ್ಲ. ಅವರ ಹೆಸರಲ್ಲೇ ಒಂದು ಚೀಲ ತರ್ತೀನಿ. ಸಂತೋಷ ತಾನೆ?"

ಹೆಂಗಸರು ಚಪ್ಪಾಳೆ ತಟ್ಟಿದರು. ಫೋಟೋದವನು ಬಂದ. "ಅಜ್ಜಿ, ಸೂಜಿ ಕಾಣೋ ಹಾಗೆ ಹಿಡೀರಿ" ಎಂದ. ಸೂಜಿ ಹಾಗೆ ಹಿಡಿದರೆ ಬೆರಳು ಚುಚ್ಚುವುದು ಬಿಟ್ಟು ಬೇರೇನೂ ಆಗದು ಎಂದರೆ, "ಹೊಲೀಬೇಡಿ, ನಗಿ ಸಾಕು" ಎಂದ. ಅಜ್ಜಿ ನಕ್ಕಳು.

ಹೊಸ ಚೀಲಗಳು ಎಲೆಯ ಚೀಲ ಮಾಡಿದವನೇ ಕಳಿಸಿದ ಪೆಟ್ಟಿಗೆಯಲ್ಲಿ, ಅವೇ ಪ್ಲಾಸ್ಟಿಕ್ ಕವರಿನೊಳಗೆ ಬಂದವು. ಎಲೆಯ ಜಾಗದಲ್ಲಿ ಅಜ್ಜಿಯ ಮುಖವಿತ್ತು, ಕೆಳಗೊಂದು ಬರಹ. ಅಜ್ಜಿ ಒಂದೊಂದೇ ಅಕ್ಷರ ಕೂಡಿಸಿ ಓದಿದಳು: 'ಅಜ್ಜಿಯ ಕೈಹೊಲಿಗೆ'.

"ಇದನ್ನ ನಾನು ಹೊಲಿದಿಲ್ವಲ್ಲಪ್ಪಾ."

"ಅದು ಪ್ರೀತಿಗೆ ಹಾಕಿರೋದು ಅಜ್ಜೀ." ಯಜಮಾನ ಅತ್ತಿತ್ತ ನೋಡಿ ದನಿ ತಗ್ಗಿಸಿದ. "ಕೇಳಿದವರಿಗೆ ಅಲ್ಲ ಅನ್ಬೇಡಿ. ಮೂಲೆ ಉಳೀಬೇಕು ತಾನೆ?"

ಉಳಿಯಬೇಕಿತ್ತು. ಅಜ್ಜಿ ಚೀಲವನ್ನು ಮತ್ತೆ ಕವರಿನೊಳಗಿಟ್ಟು ಕೊಟ್ಟಳು.

ಮೂರು ವಾರಕ್ಕೆ ಹಿಡಿಕೆಗಳು ಕಿತ್ತುಬರತೊಡಗಿದವು. ಒಬ್ಬಳ ಆಲೂಗಡ್ಡೆ ಬೀದಿಯಲ್ಲಿ ಉರುಳಿತು, ಇನ್ನೊಬ್ಬಳ ಎಣ್ಣೆ ಡಬ್ಬಿ ಕಾಲ್ಬೆರಳ ಮೇಲೆ ಬಿತ್ತು. ಬಂದು ಬೈದಿದ್ದರೆ ಅಜ್ಜಿಗೆ ಹಗುರಾಗುತ್ತಿತ್ತು. ಯಾರೂ ಬೈಯಲಿಲ್ಲ. ಕಪಾಟಿನ ಆಚೆ ನಿಂತು, ಅವಳಿಗೆ ಕೇಳಿಸಬಾರದೆಂದು ಚೆನ್ನಾಗಿ ಕೇಳಿಸುವ ಹಾಗೆ ಪಿಸುಗುಟ್ಟಿದರು.

"ಪಾಪ, ಕಣ್ಣು ಕಾಣಲ್ಲ ಅನ್ಸುತ್ತೆ."

"ಕೈ ನಡುಗುತ್ತೇನೋ. ಮೊದಲು ಎಷ್ಟು ಚೆನ್ನಾಗಿ ಹೊಲೀತಿದ್ರು!"

"ಇನ್ನೆರಡು ತಗೊಳ್ಳೇ. ನಾವಲ್ದೆ ಇನ್ಯಾರು ನೋಡ್ಕೋಬೇಕು ಅವರನ್ನ?"

ಕಿತ್ತುಹೋದ ಒಂದಕ್ಕೆ ಎರಡು ಕೊಂಡರು. ಅಂಗಡಿಯಲ್ಲಿ ಕರುಣೆಯಷ್ಟು ಚೆನ್ನಾಗಿ ಮಾರಾಟವಾದ ಸಾಮಾನು ಇನ್ನೊಂದಿರಲಿಲ್ಲ. ಯಜಮಾನ ಅಜ್ಜಿಗೆ ದಿನಕ್ಕೆ ಎರಡು ಸಲ ಚಹಾ ಕಳಿಸತೊಡಗಿದ. ಆ ಚಹಾ ಮಿಷನ್ನಿನ ಪಕ್ಕ ಆರಿಹೋಗುತ್ತಿತ್ತು. ಮೂಲೆ ಉಳಿದಿತ್ತು, ಅದರಲ್ಲಿ ಅಷ್ಟು ವರ್ಷ ಕೂತಿದ್ದವಳ ಹೊಲಿಗೆಗೆ ಇದ್ದ ಮರ್ಯಾದೆ ಹೋಗಿತ್ತು.

ಒಂದು ಶನಿವಾರ, ಅಂಗಡಿ ತುಂಬಿದ್ದಾಗ, ಟೀಚರಮ್ಮ ತುಂಬು ಚೀಲವೊಂದನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಬಂದು ಮಿಷನ್ನಿನ ಪಕ್ಕ ಇಳಿಸಿದರು. ಹಿಂದೆ ಐದಾರು ಜನ. ಯಜಮಾನನೂ ಗಲ್ಲಾ ಬಿಟ್ಟು ಬಂದ.

"ಅಜ್ಜೀ, ತಪ್ಪು ತಿಳ್ಕೋಬೇಡಿ. ನಾವೆಲ್ಲ ಸೇರಿ ಯೋಚನೆ ಮಾಡಿದೀವಿ. ನೀವು ದುಡಿದದ್ದು ಸಾಕು. ಈ ಮಿಷನ್ನು ತೆಗೆಸಿ ಒಂದು ಒಳ್ಳೇ ಕುರ್ಚಿ ಹಾಕಿಸ್ತೀವಿ. ನೀವು ಇಲ್ಲೇ ಕೂತಿರಿ, ಬಂದವರನ್ನ ಮಾತಾಡಿಸ್ತಾ. ಹೊಲಿಯೋ ಚಿಂತೆ ಮಾತ್ರ ಬೇಡ."

"ಬಹಳ ಒಳ್ಳೇ ಯೋಚನೆ," ಎಂದ ಯಜಮಾನ.

"ಇದರಲ್ಲೇನಿದೆ ಟೀಚರಮ್ಮ?" ಅಜ್ಜಿ ನೆಲದ ಮೇಲಿದ್ದ ಚೀಲ ತೋರಿಸಿದಳು.

"ಎಲ್ಲ ನಮ್ಮ ಬೀದೀದೇ. ಹಿಡಿಕೆ ಹೋದವು. ಬಿಸಾಡೋಕೆ ಮನಸ್ಸು ಬರಲಿಲ್ಲ, ನಿಮ್ಮ ಮುಖ ಇದೆಯಲ್ಲ. ಅರವತ್ತು ಎಪ್ಪತ್ತು ಆಗಬಹುದು."

ಅಜ್ಜಿ ಬಗ್ಗಿ ಚೀಲದ ಹಿಡಿಕೆಗೆ ಕೈ ಹಾಕಿದಳು. ಒಳಗಿನ ಮುಖಗಳನ್ನಲ್ಲ, ಹೊರಗಿನ ಚೀಲವನ್ನು ನೋಡಿದಳು. ಬಣ್ಣ ಹೋಗಿ ಬೂದು ತಿರುಗಿದ ದಪ್ಪ ಬಟ್ಟೆ. ಹಿಡಿಕೆಯ ಬುಡದಲ್ಲಿ ಚೌಕ, ಚೌಕದೊಳಗೆ ಅಡ್ಡಗೆರೆ ಎರಡು.

"ಇದು ಯಾವಾಗಿನದು?"

"ಅದಾ? ಮೊದಲ ಸಲ ಕೊಟ್ಟಿದ್ರಲ್ಲ, ಆಗಿನದು. ಈಗ ಹೊಸ ಚೀಲ ತುಂಬಿಡೋಕೆ ಇಟ್ಕೊಂಡಿದೀನಿ."

ಯಜಮಾನ ಕೆಮ್ಮಿದ. ಆ ಕೆಮ್ಮಿನ ಅರ್ಥ ಅಜ್ಜಿಗೆ ಚೆನ್ನಾಗಿ ಗೊತ್ತಾಯಿತು. ನಿಜ ಹೇಳಿದರೆ ಮೂಲೆ ಹೋಗುತ್ತದೆ, ಹೇಳದಿದ್ದರೆ ಕೈಯ ಹೆಸರು. ಅಜ್ಜಿ ಸ್ವಲ್ಪ ಹೊತ್ತು ಹಿಡಿಕೆಯನ್ನು ಬೆರಳಲ್ಲಿ ಸವರಿದಳು, ಮಲಗಿದ ಮಗುವಿನ ಕಿವಿ ಸವರಿದ ಹಾಗೆ.

"ಇದು ನಂದು ಟೀಚರಮ್ಮ," ಎಂದಳು. "ಒಳಗಿರೋದು ಬರೀ ನನ್ನ ಮುಖ."

ಟೀಚರಮ್ಮ ಕನ್ನಡಕ ಏರಿಸಿ ಹಳೆಯ ಹಿಡಿಕೆ ನೋಡಿದರು, ಹೊಸದನ್ನು ನೋಡಿದರು, ಕೊನೆಗೆ ಯಜಮಾನನನ್ನು ನೋಡಿದರು. ಪರೀಕ್ಷೆಯಲ್ಲಿ ಕಾಪಿ ಹೊಡೆದವರನ್ನು ನಲವತ್ತು ವರ್ಷ ನೋಡಿದ ಕಣ್ಣು ಅದು.

"ಜಗಳಕ್ಕೆ ಬಂದಿರಲಿಲ್ಲಪ್ಪಾ," ಎಂದರು. "ಈಗ ಬಂದಿದೀವಿ."

ಯಜಮಾನನಿಗೆ ಆ ದಿನ ಆದದ್ದನ್ನು ಬಿಡಿಸಿ ಹೇಳಬೇಕಾಗಿಲ್ಲ. ಸಂಜೆಯೊಳಗೆ ಅಜ್ಜಿಯ ಮುಖದ ಚೀಲಗಳು ಕಪಾಟಿನಿಂದ ಇಳಿದವು. ಮಿಷನ್ನು ಅಲುಗಬಾರದು, ಮೂಲೆ ಅಜ್ಜಿಯದೇ, ಮೊದಲಿನ ಚೀಲವೇ ಬರಬೇಕು ಎಂದು ತೀರ್ಮಾನವಾಯಿತು. ಹೆಂಗಸರು ಮನಸ್ಸು ಮಾಡಿದರೆ ಏನಾಗುವುದಿಲ್ಲ! ದಪ್ಪ ಬಟ್ಟೆಯ ಸುರುಳಿ ಮತ್ತೆ ಬಂತು. ಸೋಮವಾರ ಬೆಳಗ್ಗೆ ಅಂಗಡಿ ತೆರೆಯುವ ಮೊದಲೇ ಸಾಲು ನಿಂತಿತ್ತು.

"ಅಜ್ಜೀ, ನನಗೊಂದು."

"ನನಗೆ ಎರಡು. ಅಸಲಿದೇ ಬೇಕು."

ಅಜ್ಜಿ ಬಾಬಿನ್ನಿಗೆ ದಾರ ಸುತ್ತುತ್ತ ತಲೆಯೆತ್ತಿದಳು. "ನಿಮ್ಮ ಹಳೇದು ಎಲ್ಲಮ್ಮಾ?"

"ಮನೇಲಿದೆ, ಬಾಗಿಲ ಹಿಂದೆ."

"ಕಿತ್ತಿದೆಯಾ?"

"ಅದೆಲ್ಲಿ ಕಿತ್ತುಹೋಗುತ್ತೆ!"

"ಹಾಗಾದ್ರೆ ಕಿತ್ತ ಮೇಲೆ ಬನ್ನಿ."

ಸಾಲು ಒಂದು ಗಳಿಗೆ ನಿಂತು, ನಕ್ಕು, ಆಮೇಲೆ ನಗು ನಿಲ್ಲಿಸಿ ಒಬ್ಬೊಬ್ಬರಾಗಿ ಚದುರಿತು. ಟೀಚರಮ್ಮ ಕಡೆಯವರೆಗೂ ನಿಂತಿದ್ದರು. "ನನ್ನದು ಬಣ್ಣ ಹೋಗಿದೆ ಅಜ್ಜೀ," ಎಂದು ಸಣ್ಣ ದನಿಯಲ್ಲಿ ಹೇಳಿ ನೋಡಿದರು. "ನನ್ನದೂ ಹೋಗಿದೆ ಟೀಚರಮ್ಮ," ಎಂದಳು ಅಜ್ಜಿ.

ಆ ವರ್ಷ ವಾಪಸು ಬಂದದ್ದು ಒಂದೇ ಚೀಲ. ನಾಯಿ ಕಚ್ಚಿ ಬಟ್ಟೆ ಹರಿದಿತ್ತು, ಹಿಡಿಕೆ ಗಟ್ಟಿಯಾಗಿಯೇ ಇತ್ತು. ಹೊಸ ಬಟ್ಟೆಗೆ ಅಜ್ಜಿ ಆ ಹಳೆಯ ಹಿಡಿಕೆಯನ್ನೇ ಹಚ್ಚಿಕೊಟ್ಟಳು.

ಯಜಮಾನ ಈಗಲೂ ಆಗಾಗ ಬಂದು ಬಗ್ಗಿ ನಿಲ್ಲುತ್ತಾನೆ. "ಬರೋ ಗಿರಾಕೀನೆಲ್ಲ ಹೀಗೆ ವಾಪಸು ಕಳಿಸಿದ್ರೆ ಹೇಗಜ್ಜೀ?" ಎನ್ನುತ್ತಾನೆ. ಅವಳನ್ನು ತೆಗೆಯುವ ಹಾಗಿಲ್ಲ, ಹನ್ನೊಂದು ಜನ ಕಣ್ಣಿಟ್ಟಿದ್ದಾರೆ. ಅಜ್ಜಿ ಯಾರದೋ ಪ್ಯಾಂಟಿನ ಜಿಪ್ಪು ಬಿಚ್ಚುತ್ತ, "ತಲೆ ಜೋಪಾನ ಮಗಾ, ಮೆಟ್ಟಿಲಿದೆ" ಎನ್ನುತ್ತಾಳೆ.

ಕೆಲಸ ಮುಗಿದ ಮೇಲೆ ಮಿಷನ್ನಿಗೆ ಎಣ್ಣೆ ಬಿಟ್ಟು, ಸ್ಟೂಲಿನ ಕೆಳಗಿನ ಕಂತೆಯಿಂದ ಒಂದು ಚಿಂದಿ ಎಳೆದು ಒರೆಸುತ್ತಾಳೆ. ಚಿಂದಿಯ ಮೇಲೆ ಸೂಜಿಯನ್ನು ತಪ್ಪಾಗಿ ಹಿಡಿದ ಒಬ್ಬ ಅಜ್ಜಿ ನಗುತ್ತಿರುತ್ತಾಳೆ. ಗಂಜಿ ಹೋದ ಮೇಲೆ ಆ ಬಟ್ಟೆ ಎಣ್ಣೆಯನ್ನು ಚೆನ್ನಾಗಿ ಹೀರುತ್ತದೆ. ಆ ಲೆಕ್ಕದಲ್ಲಿ ಅದೂ ಉಪಯೋಗದ ವಸ್ತುವೇ.