ಸಂಗಪ್ಪನ ಅಂಗಡಿಯ ಮೆಮೊರಿ ಕಾರ್ಡು

ನಾನು ಬೂದು ಬಣ್ಣದ ಒಂದು ಮೆಮೊರಿ ಕಾರ್ಡು. ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡವನು, ತೂಕದಲ್ಲಿ ಹಗುರ. ಯಾವುದೋ ದೂರದ ಕಾರ್ಖಾನೆಯಲ್ಲಿ ಹುಟ್ಟಿದೆ. ಬಾಯಲ್ಲಿ ಸಾಲಾಗಿ ಹಿತ್ತಾಳೆ ಬಣ್ಣದ ಹಲ್ಲುಗಳಿವೆ. ವಿಡಿಯೋ ಗೇಮಿನ ಪೆಟ್ಟಿಗೆಗೆ ಸಿಕ್ಕಿಸಿದರೆ, ಆಡುವವರು ಎಲ್ಲಿಗೆ ನಿಲ್ಲಿಸಿದರೋ ಅದನ್ನು ನೆನಪಿಟ್ಟುಕೊಳ್ಳುತ್ತೇನೆ. ಆಡುವುದು ನನಗೆ ಬರುವುದಿಲ್ಲ.

ನನ್ನನ್ನು ಕೊಂಡವನು ಮಹಾಲಿಂಗಪುರದಲ್ಲಿ ಕಟಿಂಗ್ ಅಂಗಡಿ ಇಟ್ಟಿದ್ದ ಸಂಗಪ್ಪ ಹಡಪದ. ಪಾಳಿ ಕಾಯುವ ಗಿರಾಕಿಗಳು ಬೇಸತ್ತು ಎದ್ದುಹೋಗಬಾರದೆಂದು ಅವನು ಹುಬ್ಬಳ್ಳಿಯಿಂದ ಹಳೆಯ ಪೆಟ್ಟಿಗೆಯನ್ನೂ ಒಂದೇ ಒಂದು ಆಟದ ಡಿಸ್ಕನ್ನೂ ನನ್ನನ್ನೂ ತಂದ.

ಆಟವೆಂದರೆ ಕತ್ತಲು ಕವಿದ ಒಂದು ಕೋಟೆ. ಉದ್ದ ಕೋಟಿನ, ಬಿಳಿಚಿಕೊಂಡ ಮುಖದ ವೀರನೊಬ್ಬ ಮೆಟ್ಟಿಲಿಂದ ಮೆಟ್ಟಿಲಿಗೆ ಜಿಗಿಯುತ್ತ, ಬಾವಲಿಗಳನ್ನೂ ನಡೆದಾಡುವ ಎಲುಬಿನ ಹಂದರಗಳನ್ನೂ ಕಡಿಯುತ್ತ ಮೇಲೇರಬೇಕು. ಕಡಿದಷ್ಟೂ ಅವನ ಬಲ ಹೆಚ್ಚುತ್ತದೆ. ಮೂಲೆ ಮೂಲೆ ಹುಡುಕಿದರೆ ಹೊಸ ಕತ್ತಿ, ಗುರಾಣಿ ಸಿಗುತ್ತವೆ. ತುದಿಯ ಗಂಟೆಗೋಪುರದಲ್ಲಿ ರಕ್ತ ಕುಡಿಯುವ ರಾಜ ಕೂತಿರುತ್ತಾನೆ.

ಅಂಗಡಿಯಲ್ಲಿ ಒಂದು ಪದ್ಧತಿ ಬೆಳೆಯಿತು. ಕುರ್ಚಿಯ ಪಾಳಿ ಬರುವವರೆಗೆ ಆಡುವುದು, ಸಂಗಪ್ಪ ಕರೆದ ಕೂಡಲೇ ಆಟದ ರಿಮೋಟನ್ನು ಮುಂದಿನವನ ಕೈಗೆ ಕೊಟ್ಟು ಏಳುವುದು. ಹೀಗೆ ಒಬ್ಬನೇ ವೀರನನ್ನು ಇಡೀ ಪೇಟೆ ಸೇರಿ ಸಾಕಿತು. ಸಂಗಪ್ಪ ಮಾತ್ರ ಆಡಲಿಲ್ಲ. ಅವನ ಕೈಯಲ್ಲಿ ಯಾವಾಗಲೂ ಕತ್ತರಿ ಇರುತ್ತಿತ್ತು.

ಮಂಗಳವಾರ ಅಂಗಡಿಗೆ ರಜೆ. ಆ ದಿನ ಅವನ ಹೆಂಡತಿ ರಾಚವ್ವ ಟಾವೆಲ್ ಒಗೆದು, ನೆಲ ಗುಡಿಸಿ ಹೋಗಲು ಬರುತ್ತಿದ್ದಳು. ಕೆಲಸ ಮುಗಿಸಿ, ಬಾಗಿಲು ಮುಂದೆ ಮಾಡಿ, ಸೆರಗು ಸಿಕ್ಕಿಸಿಕೊಂಡು ಆಟಕ್ಕೆ ಕೂರುತ್ತಿದ್ದಳು. ಗಂಡಸರಿಗೆ ಅವಸರ, ಅವಳಿಗೆ ಇಲ್ಲ. ಗೋಡೆ ಗೋಡೆಯನ್ನು ತಟ್ಟಿ ನೋಡಿ ಗುಟ್ಟಿನ ಕೋಣೆಗಳನ್ನು ಕಂಡುಹಿಡಿದಳು. ಗಂಡಸರು ಕೂರುವ ಅಂಗಡಿಯಲ್ಲಿ ಸೊಸೆ ಆಟ ಆಡುತ್ತಾಳೆಂದು ಅತ್ತೆಗೆ ತಿಳಿದರೆ ಕಷ್ಟ. ಹಾಗಾಗಿ ಈ ವಿಷಯ ನನಗೂ ಅವಳಿಗೂ ಮಾತ್ರ ಗೊತ್ತಿತ್ತು.

ಬುಧವಾರ ಕಬ್ಬಿನ ಗಾಡಿಯ ಭೀಮಶಿ ಬಂದು ಕೇಳುತ್ತಿದ್ದ: “ಸಂಗಣ್ಣ, ನಿನ್ನೆ ಅಂಗಡಿ ಬಂದ್ ಇತ್ತಲ್ಲ. ಈ ಮಗಾ ಹೊಸಾ ಕತ್ತಿ ಎಲ್ಲಿಂದ ತಂದ?”

“ನೀ ಗಡ್ಡ ಮಾಡಿಸ್ಕೊಳ್ಳಾಕ ಬಂದೀಯೋ, ಪಂಚನಾಮಿ ಮಾಡಾಕ ಬಂದೀಯೋ?”

ಎರಡು ವರ್ಷಕ್ಕೆ ವೀರ ಗಂಟೆಗೋಪುರದ ಬಾಗಿಲಿಗೆ ಬಂದು ನಿಂತ. ಅಷ್ಟರಲ್ಲಿ ಆಯುಧಪೂಜೆ ಬಂತು. ಸಂಗಪ್ಪ ಕತ್ತರಿ, ಬಾಚಣಿಗೆ, ಮಷೀನುಗಳ ಸಾಲಿನಲ್ಲಿ ನನ್ನನ್ನೂ ಇಟ್ಟು, ನೀರಲ್ಲಿ ಕಲಸಿದ ವಿಭೂತಿಯನ್ನು ಮೂರು ಬೆರಳಲ್ಲಿ ಎಳೆದ. ನನಗೆ ಹಣೆ ಯಾವುದು, ಬಾಯಿ ಯಾವುದು ಎಂದು ಅವನಿಗೇನು ಗೊತ್ತು? ವಿಭೂತಿ ಹಲ್ಲುಗಳ ಮೇಲೇ ಕೂತು ಒಣಗಿತು. ಮರುದಿನ ಪೆಟ್ಟಿಗೆ ನನ್ನ ಗುರುತು ಹಿಡಿಯಲಿಲ್ಲ.

“ಕೆರದು ತಗೀಲೇನು?” ಎಂದ ಭೀಮಶಿ.

“ದ್ಯಾವರ ಮುಂದಿನ ವಿಭೂತಿ, ಮುಟ್ಟಬ್ಯಾಡ,” ಎಂದ ಸಂಗಪ್ಪ. ಪೂಜೆ ಮಾಡಿದ ವಸ್ತುವನ್ನು ಒಗೆಯುವಂತೆಯೂ ಇಲ್ಲ. ಕನ್ನಡಿಯ ಮೇಲಿನ ದೇವರ ಫೋಟೊದ ಹಿಂದೆ ನನ್ನನ್ನು ಇಟ್ಟುಬಿಟ್ಟ. ಮೊದಲಿನಿಂದ ಆಡಲು ಯಾರಿಗೂ ಮನಸ್ಸಾಗಲಿಲ್ಲ. ಪೆಟ್ಟಿಗೆ ಮನೆಯ ಅಟ್ಟ ಸೇರಿತು. ರಾಚವ್ವ ನೆಲ ಒರೆಸುವಾಗ ತಲೆಯೆತ್ತಿ ನನ್ನ ಕಡೆ ನೋಡುತ್ತಿದ್ದಳು. ರಾಜ ಇನ್ನೂ ಬದುಕಿದ್ದನಲ್ಲ! ಆದರೆ ನನ್ನನ್ನು ಇಳಿಸಿಕೊಡಿ ಎಂದು ಗಂಡನಿಗೆ ಹೇಳಿದರೆ ಗುಟ್ಟು ಬಯಲಾಗುತ್ತಿತ್ತು.

ಊದಿನಕಡ್ಡಿಯ ಹೊಗೆಯಲ್ಲಿ ಹದಿನೆಂಟು ವರ್ಷ ಕಳೆದೆ. ಅತ್ತೆ ತೀರಿಕೊಂಡರು. ಈಚೆಗೆ ಅಂಗಡಿಗೆ ಬಣ್ಣ ಹೊಡೆಸಲು ಫೋಟೊ ಇಳಿಸಿದಾಗ ರಾಚವ್ವ ನನ್ನನ್ನು ಎತ್ತಿಕೊಂಡು, ಹತ್ತಿಯನ್ನು ಸ್ಪಿರಿಟ್ಟಿನಲ್ಲಿ ಅದ್ದಿ ಹಲ್ಲು ತಿಕ್ಕತೊಡಗಿದಳು.

“ದ್ಯಾವರ ವಿಭೂತಿ ಅದು...” ಎಂದ ಸಂಗಪ್ಪ.

“ಹದಿನೆಂಟು ವರ್ಷ ಇಟ್ಕೊಂಡಾನ್ರೀ ದ್ಯಾವರು. ಸಾಕಾಗಿರತೈತಿ.”

ಪೆಟ್ಟಿಗೆ ಅಟ್ಟದಿಂದ ಇಳಿಯಿತು. ನೆನಪು ಉಳಿದಿದೆಯೋ ಇಲ್ಲವೋ ಎಂದು ನನಗೇ ಭಯ. ಟಿ.ವಿ. ಪರದೆ ಬೆಳಗಿತು. ಗಂಟೆಗೋಪುರದ ಬಾಗಿಲಲ್ಲಿ ವೀರ ಕೋಟು ಹಾರಿಸುತ್ತ ನಿಂತಿದ್ದ.

ಭೀಮಶಿ ಈಗ ಪೂರ್ತಿ ಬೋಳು. ಅಂಗಡಿಗೆ ಬರುವುದು ಬರೀ ಮಾತಿಗೆ. ಮೊದಲು ಅವನೇ ಆಡಿದ. ಮೂರು ಸಲ ಸತ್ತ.

“ಕಬ್ಬಿನ ಗಾಡಿ ಹೊಡದಂಗ ಹೊಡದ್ರ ಸಾಯದ ಏನ್ ಮಾಡ್ತಾನ? ಇಲ್ಲಿ ಕೊಡ್ರಿ,” ಎಂದಳು ರಾಚವ್ವ.

ಅವಳ ಬೆರಳುಗಳು ಮೊದಲ ಸಲ ತಡವರಿಸಿದವು, ವೀರ ಬಿದ್ದ. ಎರಡನೆಯ ಸಲ ದಾರಿ ನೆನಪಾಯಿತು. ರಾಜ ಬೆಂಕಿ ಉಗುಳುವ ಮೊದಲೇ ಕಂಬದ ಮೇಲೆ ಹಾರಿ, ಅವನು ತಿರುಗುವಷ್ಟರಲ್ಲಿ ಹಿಂದಿನಿಂದ ಕಡಿದಳು. ಸಂಗಪ್ಪ ಒಬ್ಬ ಗಿರಾಕಿಯ ಅರ್ಧ ಗಡ್ಡ ಹೆರೆದು ಹಾಗೇ ನಿಂತಿದ್ದ.

“ನಿನಗ ಇದು ಯಾವಾಗ ಬಂತು?”

“ಮಂಗಳವಾರ ಟಾವೆಲ್ ಒಗ್ಯಾಕ ಬರ್ತಿದ್ನಲ್ರೀ.”

“ಆ ಕತ್ತಿ ನಿಮ್ದೇನ್ರಿ ವೈನಿ,” ಎಂದ ಭೀಮಶಿ.

“ಕತ್ತಿ ಎಲ್ಲಾರ್ದೂ. ಹುಡುಕಿದಾಕಿ ನಾ.”

ರಾಜ ಬೂದಿಯಾಗಿ ಉದುರಿದ. ಸಂಗಪ್ಪ ಕ್ಷೌರದ ಕತ್ತಿಯನ್ನು ಮಡಿಚಿಟ್ಟು, ಕೈ ತೊಳೆದು ಬಂದು ಹೆಂಡತಿಯ ಪಕ್ಕದ ಬೆಂಚಿನಲ್ಲಿ ಕುಳಿತ.

“ಮೊದಲಿಂದ ಹಚ್ಚು. ನಂಗೂ ಕಲಿಸು.”

“ಮಾವಾ, ನನ್ನ ಗಡ್ಡ?” ಎಂದ ಕುರ್ಚಿಯಲ್ಲಿದ್ದವನು.

“ತಡಿಯಪ್ಪಾ. ಪಾಳಿ ನಂದೈತಿ.”

ನನಗೆ ವಯಸ್ಸಾಗಿದೆ. ಒಂದು ದಿನ ಎಲ್ಲ ಮರೆಯುತ್ತೇನೆ. ಸದ್ಯ ನನ್ನೊಳಗೆ ಇಬ್ಬರು ವೀರರಿದ್ದಾರೆ. ಒಬ್ಬ ಕೋಟೆ ಗೆದ್ದವನು. ಇನ್ನೊಬ್ಬ ಸಂಗಪ್ಪನವನು; ಮೂರು ವಾರವಾದರೂ ಮೊದಲನೆಯ ಹಳ್ಳವನ್ನೇ ದಾಟಿಲ್ಲ. ರಾಚವ್ವ “ಈಗ ಹಾರ್ರಿ” ಎನ್ನುತ್ತಾಳೆ; ಅವನು ಒಂದು ಗಳಿಗೆ ತಡವಾಗಿ ಹಾರುತ್ತಾನೆ, ಬೀಳುತ್ತಾನೆ, ಇಬ್ಬರೂ ನಗುತ್ತಾರೆ. ಈ ಎರಡನೆಯವನನ್ನು ನಾನು ಹೆಚ್ಚು ಜೋಪಾನವಾಗಿ ಇಟ್ಟುಕೊಂಡಿದ್ದೇನೆ.