ಅಂಗೈಯಗಲ ಹಿಂದೆ ಬಿದ್ದ ಗುಂಡು

ಒಂದೆಲೆಯೂ ಅಲುಗದ ಬೆಳಗು, ರಾತ್ರಿಯ ಮಳೆ ನಿಂತು ಗಾಳಿಯೂ ಉಸಿರು ಬಿಗಿಹಿಡಿದ ಹಾಗೆ, ತಂತಿಯಿಂದ ಹನಿಗಳು ನೆಟ್ಟಗೆ ಕೆಳಗೆ — ಗಾಳಿಯ ತಡೆ ಇಲ್ಲವೆಂದು ಭಾವಿಸಿ, ಎಂದು ಎಷ್ಟು ವರ್ಷ ಭೌತಶಾಸ್ತ್ರದ ಪಾಠ ಹೇಳಿದ್ದಳೋ, ಇವತ್ತು ದೇವರೇ ಭಾವಿಸಿಕೊಂಡಂತಿದೆ, ನಕ್ಕಳು ಟೀಚರು, ನಗು ಈಗಲೂ ಎಡಕ್ಕೇ ವಾಲುತ್ತದೆ, ಇರಲಿ, ನಗುವಷ್ಟು ಉಳಿಸಿದನಲ್ಲ. ಪಾರ್ಶ್ವವಾಯು ಬಡಿದಾಗ ಬಲಗೈ ಹೋಯಿತು, ಮಾತು ಹೋಯಿತು, ಗಂಡ ಚಮಚ ತೋರಿಸಿ ಇದೇನು ಹೇಳೇ ಅಂದರೆ ಬಾಚಣಿಗೆ ಅಂದಿದ್ದಳು, ಸರಿ ಬಿಡು, ಇವತ್ತು ತಲೆಗೇ ಊಟ ಬಡಿಸೋಣ ಅಂತ ಅವನು, ಆ ಮನುಷ್ಯನ ತಾಳ್ಮೆಗೆ ಯಾವ ಸೂತ್ರ ಬರೆದಾಳು. ಮಾತುಗಳು ಮರಳಿವೆ, ಮೇಯಲು ಹೋದ ದನಗಳ ಹಾಗೆ ಒಂದೊಂದಾಗಿ, ಕೆಲವು ಇನ್ನೂ ಕೊಟ್ಟಿಗೆ ಸೇರಿಲ್ಲ. ಪ್ರಿನ್ಸಿಪಾಲರು ಕೆಟ್ಟವರಲ್ಲ, ಇವತ್ತೊಂದು ಪೀರಿಯಡ್ ತರಗತೀಲಿ ಕೂತು ನೋಡಿಮ್ಮ, ಪಾಠ ಆಗದಿದ್ರೆ ಲೈಬ್ರರಿ ಕೆಲಸ ಇದೆಯಲ್ಲ ಅಂದರು — ಲೈಬ್ರರಿ, ಅಲ್ಲಿ ಮಾತಾಡುವುದೇ ತಪ್ಪು.

ಮುಂದಿನ ಬೆಂಚಿನ ತುದಿಯಲ್ಲಿ ಕೂತಿದ್ದಾಳೆ, ಹಲಗೆಯ ಮುಂದೆ ಗಡಿಬಿಡಿ ಮೇಷ್ಟ್ರು, ಮಕ್ಕಳಿಟ್ಟ ಹೆಸರು ಅದು, ಅವಳದೇ ಹಳೆಯ ಶಿಷ್ಯ, ಇಷ್ಟು ತಿಂಗಳೂ ತನ್ನ ಪಾಠದ ಜೊತೆ ಅವಳದನ್ನೂ ಹೊತ್ತವನು, ಒಂದು ದಿನವೂ ಮುಖ ಕಿವುಚಲಿಲ್ಲ, ಅವನ ಹೆತ್ತ ಹೊಟ್ಟೆ ತಣ್ಣಗಿರಲಿ. ಮೇಜಿನ ಮೇಲೆ ಇಳಿಜಾರು ಪಟ್ಟಿ, ಉಕ್ಕಿನ ಗುಂಡು, ಗುಂಡು ಎಲ್ಲಿ ಬೀಳುತ್ತದೆಂದು ಮೊದಲು ಲೆಕ್ಕ ಹಾಕಿ ನೆಲದ ಮೇಲೆ ಅಲ್ಲಿ ಲೋಟ ಇಡಬೇಕು, ಆಮೇಲೇ ಗುಂಡು ಬಿಡಬೇಕು, ಅವಳೇ ಹಾಕಿಕೊಟ್ಟ ಪದ್ಧತಿ, ಬಿದ್ದಮೇಲೆ ಲೋಟ ಸರಿಸೋದು ಕಣ್ಕಟ್ಟು ಕಣ್ರೋ ಅನ್ನುತ್ತಿದ್ದಳು. ಅಡ್ಡಕ್ಕೆ ಬದಲಾಗದ ವೇಗ, ಕೆಳಕ್ಕೆ ಹೆಚ್ಚುತ್ತಲೇ ಹೋಗುವ ವೇಗ, ಒಂದರ ಗೊಡವೆಗೆ ಇನ್ನೊಂದು ಹೋಗದೆ, ಹಳೆಯ ಗಂಡಹೆಂಡಿರ ಹಾಗೆ, ಸೇರಿ ಒಂದು ದಾರಿ ಬಾಗಿಸುತ್ತವೆ — ಗುಂಡು ಹೊರಟಿತು, ಅಂಚು ದಾಟಿತು, ಟಣ್, ಲೋಟಕ್ಕಿಂತ ಅಂಗೈಯಗಲ ಹಿಂದೆ. ಮಕ್ಕಳು ನಕ್ಕರು. ಮತ್ತೆ ಬಿಟ್ಟ, ಮತ್ತೆ ಅಲ್ಲೇ. ಗಾಳಿ ಇರ್ಬೇಕು ಸರ್, ಹಿಂದಿನ ಬೆಂಚಿನ ಕೀಟಲೆ, ಫ್ಯಾನು ಕೂಡ ತಿರುಗುತ್ತಿಲ್ಲ, ಗಡಿಬಿಡಿಯ ಕಿವಿ ಕೆಂಪಾಗಿದೆ. ಅವಳಿಗೆ ಗೊತ್ತು, ಇಳಿದ ಎತ್ತರದ ಶಕ್ತಿಯೆಲ್ಲ ಓಟವೇ ಆಯಿತೆಂದು ಬರೆದಿದ್ದಾನೆ, ಜಾರುವ ವಸ್ತುವಿಗೆ ಅದು ಸರಿ, ಆದರೆ ಗುಂಡು — ಗುಂಡು ಏನು ಮಾಡುತ್ತದೆ, ಎಲ್ಲಿ ಹೋಯಿತು ಆ ಮಾತು, ನಾಲಿಗೆಯ ತುದಿಗೆ ಬಂದದ್ದು ಬಾಚಣಿಗೆ, ತಂದೆ, ಇದೊಂದು ಕೊಡು. ಎದ್ದಳು. ಎಡಗೈ ಮುಷ್ಟಿ ಕಟ್ಟಿ ಗಾಳಿಯಲ್ಲಿ ತಿರುಗಿಸುತ್ತ ಮುಂದೆ ಸಾಗಿಸಿದಳು, ಮತ್ತೊಮ್ಮೆ, ಇನ್ನೊಮ್ಮೆ, ಉರು — ಉರುಳುತ್ತೆ, ಅಂದಳು, ಜಾರಲ್ಲ ಕಣೋ, ಉರುಳುತ್ತೆ, ತಿರುಗೋಕೂ ಶಕ್ತಿ ಬೇಡ್ವಾ, ಅದಕ್ಕೆ ಕೊಟ್ಟು ಮಿಕ್ಕಿದ್ದೇ ಓಟಕ್ಕೆ. ಯಾರೂ ನಗಲಿಲ್ಲ. ಗಡಿಬಿಡಿ ತನ್ನ ಲೆಕ್ಕದ ಮೇಲೆ ಗೀಟು ಎಳೆದ, ಹಲಗೆ ಬಿಟ್ಟು ಪಕ್ಕಕ್ಕೆ ಸರಿದ, ಚಾಕ್ ಚಾಚಿದ, ಇಷ್ಟು ದಿನ ಕಾದಿಟ್ಟ ತರಗತಿಯನ್ನೇ ಚಾಚಿದ ಹಾಗೆ, ಅದೂ ಎಡಗೈಗಲ್ಲ, ಬಲಗೈಗೆ, ಆ ಬೆರಳುಗಳು ಮಡಚುವುದು ನಿಧಾನ, ಗಡಿಬಿಡಿಯವನು ಕಾದ, ಚಾಕ್, ಬಿಳಿ ಚಾಕ್, ಅವಳ ಬೆರಳುಗಳ ನಡುವೆ ಚಾಕ್ —