ಹಳದಿ ಗೆರೆಗಳು

ನನ್ನ ಬಾಯಿ ಜೋರು ಅಂತ ಅಮ್ಮ ಹೇಳುತ್ತಲೇ ಇರುತ್ತಾಳೆ. ಈ ಬುಧವಾರ ಅದೇ ಬಾಯಿ ಇಡೀ ಡಿಪಾರ್ಟ್‌ಮೆಂಟಿನ ಮುಂದೆ ನನ್ನ ಮಾನ ಕಳೆಯಿತು.

ನಮ್ಮದು ಕಣಭೌತಶಾಸ್ತ್ರದ ಸಂಶೋಧನೆ. ಕಣಗಳು ಡಿಕ್ಕಿ ಹೊಡೆದರೆ ಏನೇನು ಚಿಮ್ಮುತ್ತದೆ ಎಂದು ಮೊದಲು ಕಂಪ್ಯೂಟರಿನಲ್ಲೇ ನಕಲಿ ಡಿಕ್ಕಿಗಳನ್ನು ಮಾಡಿ ನೋಡುತ್ತೇವೆ. ಪರದೆಯ ಮೇಲೆ ಒಂದೊಂದು ಡಿಕ್ಕಿಯೂ ಶಾವಿಗೆ ಚೆಲ್ಲಿದ ಹಾಗೆ ಕಾಣುತ್ತದೆ. ಆ ಗೆರೆಗಳಲ್ಲಿ ಮ್ಯೂವಾನ್ ಎಂಬ ಕಣದ್ದು ಯಾವುದು ಎಂದು ಪ್ರೋಗ್ರಾಂ ಹುಡುಕಿ ಹಳದಿ ಮಾಡಬೇಕು. ಡಿಕ್ಕಿ ನಕಲಿಯಾದ್ದರಿಂದ ಸರಿಯುತ್ತರ ಕಂಪ್ಯೂಟರಿನಲ್ಲಿ ಮೊದಲೇ ಇರುತ್ತದೆ. ಆದರೆ ಹುಡುಕುವಾಗ ಪ್ರೋಗ್ರಾಂ ಅದನ್ನು ನೋಡಕೂಡದು. ನಿಜವಾದ ಡಿಕ್ಕಿಯಲ್ಲಿ ಉತ್ತರ ಹೇಳಿಕೊಡುವವರು ಯಾರೂ ಇಲ್ಲವಲ್ಲ!

ಕೋಲ್ಕತ್ತಾದ ಸಮ್ಮೇಳನಕ್ಕೆ ನಮ್ಮಲ್ಲಿ ಒಬ್ಬರಿಗೇ ಅವಕಾಶ. ನಾನು, ಇಲ್ಲವೇ ನನ್ನ ಜೂನಿಯರ್ ಗಗನ. ಗೈಡ್ ರುದ್ರಸ್ವಾಮಿ ಸರ್ ಇಬ್ಬರ ಪ್ರೋಗ್ರಾಮನ್ನೂ ನೋಡಿ ಬುಧವಾರವೇ ಹೆಸರು ಹೇಳುವವರಿದ್ದರು. ಗಗನಳದು ಎಷ್ಟೋ ಮ್ಯೂವಾನ್‌ಗಳನ್ನು ಬಿಟ್ಟುಬಿಡುತ್ತಿತ್ತು. ನನ್ನದು ಒಂದನ್ನೂ ಬಿಡುತ್ತಿರಲಿಲ್ಲ. ಅನುಮಾನ ಬರಬೇಕಿತ್ತು, ಬಂದದ್ದು ಜಂಬ.

ಹಿಂದಿನ ವಾರ ತನ್ನೂರು ಕಡಕೊಳದ ಬಸ್ಸಿಗೆ ಹೊರಟಿದ್ದ ಗಗನ ಬಾಗಿಲಲ್ಲಿ ನಿಂತು ಕೇಳಿದ್ದಳು: “ಅಕ್ಕ, ಚಿತ್ರಕ್ಕೆ ಬಣ್ಣ ಹಾಕೋಕೆ ಅಂತ ಉತ್ತರದ ಕಾಲಂ ಸೇರಿಸಿದ್ರಲ್ಲ, ಹುಡುಕುವಾಗ ಪ್ರೋಗ್ರಾಂ ಅದನ್ನ ಓದ್ತಾ ಇಲ್ಲ ತಾನೆ?”

“ಮೊದ್ಲು ನಿಂದು ಸರಿಮಾಡ್ಕೊ ಹೋಗಮ್ಮ. ನಂಗೆ ಪಾಠ ಹೇಳೋಕೆ ಬಂದ್ಬುಟ್ಳು,” ಅಂದಿದ್ದೆ. ಅವಳು ಬಸ್ಸಿಗೆ ಹೋದಳು. ನಾನು ತೆರೆದು ನೋಡಲೂ ಇಲ್ಲ.

ಬುಧವಾರ ಡಿಪಾರ್ಟ್‌ಮೆಂಟಿನವರೆಲ್ಲ ಸೇರಿದ ಮೇಲೆ ಗಗನಳನ್ನು ಕೀಬೋರ್ಡಿನ ಮುಂದೆ ಕೂರಿಸಿ, ನಾನು ಪರದೆಯ ಪಕ್ಕ ನಿಂತು ವಿವರಿಸಿದೆ. ಹಳದಿ ಗೆರೆಗಳು ಥಳಥಳ ಅನ್ನುತ್ತಿದ್ದವು. ಚಪ್ಪಾಳೆಯೂ ಬಿತ್ತು. ಸರ್ ಕನ್ನಡಕ ಸರಿಮಾಡಿಕೊಂಡು, “ಭೇಷ್ ಕಣಮ್ಮ. ಆ ಉತ್ತರದ ಕಾಲಂ ಖಾಲಿ ಮಾಡ್ಬುಟ್ಟು ಇನ್ನೊಂದ್ಸಲ ಓಡಿಸಿ, ನೋಡಾಣ,” ಅಂದರು.

ಗಗನ ನನ್ನ ಮುಖ ನೋಡಿದಳು. “ಮಾಡು,” ಅಂದೆ. ಮಾಡಿದಳು. ಪರದೆಯ ತುಂಬ ಬರೀ ಬೂದು ಗೆರೆಗಳು. ಹಳದಿ ಒಂದೂ ಇಲ್ಲ.

ಅವಳ ಪ್ರಶ್ನೆ ಆಗ ನೆನಪಾಯಿತು. ನನ್ನ ಪ್ರೋಗ್ರಾಂ ಇಷ್ಟು ದಿನ ಉತ್ತರ ಕದ್ದು ನೋಡುತ್ತಿತ್ತು. ಅದು ಗೊತ್ತಾಗಿಯೂ ಬಾಯಿಂದ ಹೊರಟದ್ದು, “ಏನೇ ಒತ್ತಿದೆ ನೀನು?”

“ನೋಡ್ಕೊಂಡು ಒತ್ತಬಾರ್ದೇನಮ್ಮ?” ಎಂದು ಸರ್ ಅವಳನ್ನು ಗದರಿದರು. ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು.

ಗಗನಳ ಕಿವಿ ಕೆಂಪಾಯಿತು. “ಸಾರಿ ಸರ್, ನನ್ನ ಕೈ ತಾಗ್ತು ಅನ್ಸುತ್ತೆ,” ಅಂದಳು. ಈ ಸಾಫ್ಟ್‌ವೇರನ್ನು ಅವಳಿಗೆ ಕಲಿಸಿದವಳು ನಾನೇ. ಆ ಋಣಕ್ಕೆ ಹಾಗಂದಳೋ ಏನೋ.

“ಹೋಗ್ಲಿ ಬಿಡು, ಆಮೇಲೆ ಸರಿಯಾಗಿ ಓಡಿಸಿ ನೋಡಾಣ. ಕೋಲ್ಕತ್ತಾಗೆ ರಕ್ಷಿತಾನೇ ಹೋಗ್ಲಿ,” ಅಂದರು ಸರ್.

ಬೇಕಿದ್ದದ್ದು ಕೈಗೆ ಬಂದಿತ್ತು. ಥೂ, ಎಂಥ ಜನ್ಮ ನನ್ನದು ಅನ್ನಿಸಿತು. “ಸರ್, ಅವಳೇನೂ ಮಾಡಿಲ್ಲ. ನನ್ನ ಪ್ರೋಗ್ರಾಂ ಉತ್ತರ ನೋಡ್ಕೊಂಡೇ ಬಣ್ಣ ಹಚ್ತಿತ್ತು.”

“ನಿಂಗೆ ಯಾವಾಗ ಗೊತ್ತಾಯ್ತು?”

“ಈಗ.”

ಗಗನ ತಲೆ ತಗ್ಗಿಸಿದಳು. ತಪ್ಪು ಒಪ್ಪಿಕೊಳ್ಳುವಾಗಲೂ ಅರ್ಧ ಮುಚ್ಚಿಟ್ಟಿದ್ದೆನಲ್ಲ!

“ಹೋದ ವಾರಾನೇ ಇವಳು ಕೇಳಿದ್ಲು ಸರ್. ನಾನೇ ಬೈದು ಕಳಿಸ್ದೆ.”

ಸರ್ ನನ್ನ ಕಡೆ ನೋಡಲಿಲ್ಲ. “ಗಗನ, ನಿಂದು ಹಾಕಮ್ಮ.”

ಉತ್ತರದ ಕಾಲಂ ಖಾಲಿಯಿದ್ದಂತೆಯೇ ಅವಳ ಪ್ರೋಗ್ರಾಂ ಓಡಿತು. ಬೂದು ಗೆರೆಗಳ ನಡುವೆ ಒಂದು ಹಳದಿ ಮೂಡಿತು, ಸ್ವಲ್ಪ ತಡೆದು ಇನ್ನೊಂದು. ಆಮೇಲೆ ಅವಳು ತೆಗೆದಿಟ್ಟಿದ್ದ ಉತ್ತರದ ಜೊತೆ ತಾಳೆ ನೋಡಿ, ಯಾರೂ ಕೇಳದೆಯೇ, “ಒಂದು ಬಿಟ್ಟೋಗಿದೆ ಸರ್,” ಅಂದಳು.

“ಕೋಲ್ಕತ್ತಾದಲ್ಲೂ ಹಿಂಗೇ ಹೇಳು,” ಅಂದರು ಸರ್.

ನಾನಿನ್ನೂ ಪರದೆಯ ಪಕ್ಕ ನಿಂತೇ ಇದ್ದೆ. ಗಗನ ಪಕ್ಕದ ಕುರ್ಚಿಯ ಮೇಲಿದ್ದ ತನ್ನ ಬ್ಯಾಗು ತೆಗೆದು, “ಕೂತ್ಕೊಳ್ಳಿ ಅಕ್ಕ,” ಅಂದಳು. ಅವಳು ಎಲ್ಲರೆದುರು ನನಗೆ ಉಗಿದಿದ್ದರೂ ತಡೆದುಕೊಳ್ಳುತ್ತಿದ್ದೆ. ಆ ಕುರ್ಚಿಯಲ್ಲಿ ಕೂರಲು ನನ್ನಿಂದ ಆಗಲಿಲ್ಲ.